ವಿಷವಾಯುವಿನಿಂದ ಬಂದ ಮದ್ದು

ಕೊಲ್ಲುವುದಕ್ಕೆಂದೇ ತಯಾರಾದ ಒಂದು ವಿಷ, ತಾನು ಸಿದ್ಧವಾದ ಯುದ್ಧದಲ್ಲಿ ಉಪಯೋಗಕ್ಕೆ ಬಾರದೆ ಉಳಿದು, ಮುಂದಿನ ಯುದ್ಧದ ಭಯದಲ್ಲಿ ಒಂದು ಔಷಧಕ್ಕೆ ಕಾರಣವಾದ ಪ್ರಸಂಗವನ್ನು ಇಂದು ಹೇಳಬೇಕೆಂದಿದ್ದೇನೆ. ಸೀಸ, ಪಾದರಸ, ಪಾಷಾಣ ಮೊದಲಾದವನ್ನು ಒಟ್ಟಾಗಿ ಭಾರಲೋಹಗಳು ಎನ್ನುವುದು ವಾಡಿಕೆ. ಪಾಷಾಣದ ಮೂಲಧಾತುವಾದ ಆರ್ಸೆನಿಕ್ಕು ಪೂರ್ತಿ ಲೋಹವಲ್ಲ. ಆದರೆ ಮೈಯೊಳಗೆ ಅದು ನಡೆದುಕೊಳ್ಳುವ ರೀತಿ ಲೋಹದ್ದೇ. ಇವು ಒಮ್ಮೆ ಶರೀರವನ್ನು ಹೊಕ್ಕರೆ ಹೊರಗೆ ತೆಗೆಯುವ ಬಗೆ ಹೇಗೆ ಎಂಬುದು ವೈದ್ಯರನ್ನು ಶತಮಾನಗಳ ಕಾಲ ಕಾಡಿದ ಪ್ರಶ್ನೆ. ಅದಕ್ಕೊಂದು ಉತ್ತರ 1940ರಲ್ಲಿ ದೊರೆಯಿತು. ಆ ಉತ್ತರ ಎಷ್ಟರಮಟ್ಟಿಗೆ ಉತ್ತರ ಎಂಬುದು ತಿಳಿಯಲು ಮಾತ್ರ ಇನ್ನೂ ಅರವತ್ತು ವರ್ಷ ಹಿಡಿಯಿತು.

ಮದ್ದೇ ಇಲ್ಲದಿದ್ದ ಕಾಲದಿಂದ ಆರಂಭಿಸೋಣ. ಇಂಗ್ಲೆಂಡಿನ ಡೆವನ್ ಪ್ರಾಂತ ಸೇಬಿನ ತೋಟಗಳ ನಾಡು. ಅಲ್ಲಿಯ ಜನ ಸೇಬಿನ ರಸವನ್ನು ಹುದುಗಿಸಿ ಸೈಡರ್ ಎಂಬ ಪಾನೀಯ ಮಾಡಿ ಕುಡಿಯುತ್ತಿದ್ದರು. ಹದಿನೆಂಟನೆಯ ಶತಮಾನದಲ್ಲಿ ಆ ಪ್ರಾಂತದಲ್ಲಿ ಒಂದು ವಿಚಿತ್ರ ವ್ಯಾಧಿ ಇತ್ತು. ಹೊಟ್ಟೆಯಲ್ಲಿ ತಡೆಯಲಾಗದ ಶೂಲೆ, ಮಲಬದ್ಧತೆ, ಮುಖ ಬಿಳುಚುವುದು, ಕೊನೆಗೆ ಮಣಿಕಟ್ಟು ಸತ್ವ ಕಳೆದುಕೊಂಡು ಹಸ್ತ ಜೋತುಬೀಳುವುದು. ಸೇಬಿನ ಹುಳಿಯೇ ಇದಕ್ಕೆ ಕಾರಣವೆಂದು ಜನ ನಂಬಿದ್ದರು. ಡೆವನ್ನಿನವನೇ ಆದ ಜಾರ್ಜ್ ಬೇಕರ್ ಎಂಬ ವೈದ್ಯ 1767ರಲ್ಲಿ ಬೇರೊಂದು ಕಾರಣ ಹೇಳಿದ. ಪಕ್ಕದ ಬೇರೆ ಪ್ರಾಂತಗಳಲ್ಲೂ ಸೈಡರ್ ಕುಡಿಯುತ್ತಾರೆ. ಅಲ್ಲಿ ಈ ರೋಗವಿಲ್ಲ. ಡೆವನ್ನಿನಲ್ಲಿ ಮಾತ್ರ ಸೇಬು ಹಿಂಡುವ ಕಲ್ಲಿನ ಗಾಣಗಳ ಸಂದುಗಳನ್ನು ಸೀಸದಿಂದ ತುಂಬುತ್ತಾರೆ. ಬೇಕರ್ ಆ ಸೈಡರನ್ನು ರಾಸಾಯನಿಕವಾಗಿ ಪರೀಕ್ಷಿಸಿ ಅದರಲ್ಲಿ ಸೀಸವಿರುವುದನ್ನು ತೋರಿಸಿದ. ತನ್ನ ನಾಡಿನ ಕಸುಬಿಗೆ ಕೆಟ್ಟ ಹೆಸರು ತಂದನೆಂದು ಅವನನ್ನು ನಿಂದಿಸಿದವರು ಕಡಮೆಯಿರಲಿಲ್ಲ. ಆದರೂ ಕ್ರಮೇಣ ಗಾಣಗಳಿಂದ ಸೀಸ ಮಾಯವಾಯಿತು. ಅದರ ಹಿಂದೆಯೇ ಡೆವನ್ನಿನ ಶೂಲೆಯೂ ಹೋಯಿತು. ಒಂದು ತೊಟ್ಟು ಔಷಧವಿಲ್ಲದೆ ನಡೆದ ಚಿಕಿತ್ಸೆ ಇದು. ಈ ಸಂಗತಿಯನ್ನು ಶ್ರೋತೃಗಳು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ, ಮುಂದೆ ಬೇಕಾಗುತ್ತದೆ.

ಇಟಲಿಯ ರಾಮಾಜ್ಜಿನಿ 1700ರಲ್ಲೇ ಕಸುಬುದಾರರ ಕಾಯಿಲೆಗಳನ್ನು ಕುರಿತು ಒಂದು ಗ್ರಂಥ ಬರೆದಿದ್ದ. ಮಡಕೆಗಳಿಗೆ ಸೀಸದ ಮೆರುಗು ಕೊಡುವ ಕುಂಬಾರರ ಕೈಗಳು ಮೊದಲು ನಡುಗಿ ಆಮೇಲೆ ಸತ್ವಗುಂದುವುದನ್ನು ಅದರಲ್ಲಿ ವರ್ಣಿಸಿದ್ದಾನೆ. ಮುಂದೆ ಬಣ್ಣ ಬಳಿಯುವವರು, ಕೊಳಾಯಿಯ ಕೆಲಸದವರು, ಅಚ್ಚುಮೊಳೆ ಎರಕ ಹೊಯ್ಯುವವರು ಈ ಪಟ್ಟಿಗೆ ಸೇರಿದರು. ಅಚ್ಚುಮೊಳೆಯೆಂದರೆ ಸೀಸವೇ ಮುಖ್ಯವಾಗಿ, ಅದಕ್ಕೆ ಆಂಟಿಮನಿ ಮತ್ತು ತವರ ಬೆರೆಸಿದ ಮಿಶ್ರಲೋಹವಲ್ಲವೆ? ನಾನು ಹುಡುಗನಾಗಿದ್ದಾಗ ನಮ್ಮ ಬೀದಿಯ ತುದಿಯಲ್ಲಿ ಒಂದು ಸಣ್ಣ ಅಚ್ಚುಕೂಟವಿತ್ತು. ಅಲ್ಲಿ ಮೊಳೆ ಜೋಡಿಸುತ್ತಿದ್ದ ಹಿರಿಯರೊಬ್ಬರು ಮಧ್ಯಾಹ್ನ ಕೈ ತೊಳೆಯದೆಯೇ ಬುತ್ತಿ ಬಿಚ್ಚುತ್ತಿದ್ದರು. ಸಂಜೆಗೆ ತಪ್ಪದೆ ಒಂದು ಲೋಟ ಹಾಲು ಕುಡಿಯುತ್ತಿದ್ದರು. "ಹಾಲು ಕುಡಿದವನಿಗೆ ಸೀಸ ಏನೂ ಮಾಡೋಲ್ಲ ಮಗು" ಎನ್ನುತ್ತಿದ್ದರು. ಇದನ್ನು ಕೇವಲ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಅಮೆರಿಕದ ಹಾರ್ವರ್ಡಿನಲ್ಲಿ ಜೋಸೆಫ್ ಆಬ್ ಮತ್ತು ಸಂಗಡಿಗರು 1920ರ ದಶಕದಲ್ಲಿ ಸೀಸದ ಶೂಲೆಗೆ ಹೇಳಿದ್ದ ಚಿಕಿತ್ಸೆಯೂ ಅದೇ: ಧಾರಾಳವಾಗಿ ಹಾಲು. ಹಾಲಿನ ಸುಣ್ಣದ ಜೊತೆಗೆ ರಕ್ತದ ಸೀಸವೂ ಮೂಳೆಯನ್ನು ಸೇರುತ್ತದೆ, ಶೂಲೆ ತಗ್ಗುತ್ತದೆ ಎಂಬುದು ಅವರ ಲೆಕ್ಕ. ಸುಣ್ಣಕ್ಕೂ ಸೀಸಕ್ಕೂ ಶರೀರ ಅಷ್ಟಾಗಿ ಭೇದವೆಣಿಸದು. ಆದರೆ ಮೂಳೆಗೆ ಸೇರಿದ ಸೀಸ ಹೊರಗೆ ಹೋದ ಸೀಸವಲ್ಲ. ಅದು ಹತ್ತಾರು ವರ್ಷ ಅಲ್ಲೇ ಇದ್ದು, ಜ್ವರದಲ್ಲೋ ಬಸಿರಿನಲ್ಲೋ ಮುಪ್ಪಿನಲ್ಲೋ ಮರಳಿ ರಕ್ತಕ್ಕೆ ಇಳಿಯುತ್ತದೆ. ಸಾಲವನ್ನು ತೀರಿಸದೆ ಪತ್ರ ಬದಲಾಯಿಸಿದಂತೆ.

ಇನ್ನು ವಿಷವಾಯುವಿನ ಕಥೆ. ವಾಷಿಂಗ್‌ಟನ್ನಿನ ಕ್ಯಾಥೊಲಿಕ್ ವಿಶ್ವವಿದ್ಯಾನಿಲಯದಲ್ಲಿ ಜೂಲಿಯಸ್ ನ್ಯೂಲಂಡ್ ಎಂಬ ತರುಣ ಪಾದ್ರಿ ಅಸಿಟಿಲೀನ್ ಅನಿಲವನ್ನು ಕುರಿತು ಸಂಶೋಧನೆ ಮಾಡುತ್ತಿದ್ದ. ಆ ಅನಿಲವನ್ನು ಆರ್ಸೆನಿಕ್ಕಿನ ಕ್ಲೋರೈಡಿನೊಡನೆ ಕೂಡಿಸಿದಾಗ ಉಂಟಾದ ವಸ್ತು ಅವನನ್ನು ಆಸ್ಪತ್ರೆಗೆ ಸೇರಿಸಿತು. ಅವನು ಆ ದಾರಿಯನ್ನೇ ಬಿಟ್ಟ; ಆದರೆ 1904ರ ತನ್ನ ಪ್ರಬಂಧದಲ್ಲಿ ಅದನ್ನು ಬರೆದಿಟ್ಟ. ಹದಿನಾಲ್ಕು ವರ್ಷಗಳ ಮೇಲೆ, ಮೊದಲನೆಯ ಮಹಾಯುದ್ಧದ ಕೊನೆಯ ವರ್ಷದಲ್ಲಿ, ಅಮೆರಿಕದ ಸೈನ್ಯಕ್ಕೆ ಹೊಸ ವಿಷವಾಯು ಬೇಕಾಯಿತು. ಅದೇ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡುತ್ತಿದ್ದ ವಿನ್‌ಫರ್ಡ್ ಲೀ ಲೂಯಿಸ್ ಎಂಬ ರಸಾಯನಜ್ಞ ಈ ಹಳೆಯ ಪ್ರಬಂಧದ ಜಾಡು ಹಿಡಿದು ಆ ವಸ್ತುವನ್ನು ಶುದ್ಧರೂಪದಲ್ಲಿ ತಯಾರಿಸಿದ. ಅವನ ಹೆಸರಿನಿಂದಲೇ ಅದು ಲೂಯಿಸೈಟ್ ಎನಿಸಿತು. ಎಣ್ಣೆಯಂಥ ದ್ರವ, ಜೆರೇನಿಯಂ ಗಿಡದ ಪರಿಮಳ, ಚರ್ಮಕ್ಕೆ ತಾಗಿದರೆ ಬೊಬ್ಬೆ, ಕಣ್ಣಿಗೆ ತಾಗಿದರೆ ಕುರುಡು. ಅದು ಯುರೋಪಿನ ರಣರಂಗವನ್ನು ತಲುಪುವ ಮೊದಲೇ, 1918ರ ನವೆಂಬರಿನಲ್ಲಿ, ಯುದ್ಧ ಮುಗಿದಿತ್ತು.

ಇಪ್ಪತ್ತೊಂದು ವರ್ಷಗಳ ಮೇಲೆ ಮತ್ತೆ ಯುದ್ಧ ಬಂತು. ಜರ್ಮನರು ಲೂಯಿಸೈಟನ್ನು ಎರಚಿದರೆ ಏನು ಗತಿ ಎಂಬ ಚಿಂತೆ ಬ್ರಿಟಿಷ್ ಸರ್ಕಾರಕ್ಕೆ. ಪ್ರತಿವಿಷ ಹುಡುಕುವ ಕೆಲಸ ಆಕ್ಸ್‌ಫರ್ಡಿನ ಜೀವರಸಾಯನ ವಿಭಾಗಕ್ಕೆ ಬಂತು. ಅಲ್ಲಿ ಪ್ರಾಧ್ಯಾಪಕರಾಗಿದ್ದವರು ರುಡಾಲ್ಫ್ ಪೀಟರ್ಸ್. ಅವರು ಅದುವರೆಗೆ ಮಾಡುತ್ತಿದ್ದ ಕೆಲಸಕ್ಕೂ ವಿಷವಾಯುವಿಗೂ ಮೇಲುನೋಟಕ್ಕೆ ಯಾವ ನಂಟೂ ಇರಲಿಲ್ಲ. ಅವರದು ಬಿ-1 ಜೀವಸತ್ವದ ಅಧ್ಯಯನ. ಬೆರಿಬೆರಿ ರೋಗಕ್ಕೆ ಕಾರಣವಾದ ಕೊರತೆ ಅದು. ಪಾಲಿಷ್ ಮಾಡಿದ ಅಕ್ಕಿಯನ್ನೇ ತಿನ್ನಿಸಿದ ಪಾರಿವಾಳಗಳು ಕತ್ತು ಹಿಂದಕ್ಕೆ ತಿರುಚಿ ಬೀಳುತ್ತಿದ್ದವು. ಅವುಗಳ ಮಿದುಳಿನಲ್ಲಿ ಪೈರುವೇಟ್ ಎಂಬ ವಸ್ತು ಉರಿಯದೆ ಉಳಿದುಬಿಡುತ್ತದೆಂದು ಪೀಟರ್ಸ್ ಕಂಡುಕೊಂಡಿದ್ದರು. ಸಕ್ಕರೆಯಿಂದ ಶಕ್ತಿ ಹೊರಡುವ ಹಾದಿಯಲ್ಲಿ ಅದೊಂದು ಮುಖ್ಯ ಮೆಟ್ಟಿಲು. ಆರ್ಸೆನಿಕ್ಕು ಕೂಡ ಅದೇ ಮೆಟ್ಟಿಲನ್ನು ಮುರಿಯುತ್ತದೆಂದು ಗೊತ್ತಾದಾಗ, ಪಾರಿವಾಳದ ಪಂಡಿತರೇ ವಿಷವಾಯುವಿಗೂ ಸರಿಯಾದ ಪಂಡಿತರಾದರು.

ಆರ್ಸೆನಿಕ್ಕಿಗೆ ಗಂಧಕದ ಮೇಲೆ ವಿಶೇಷ ಮೋಹ. ಕಿಣ್ವಗಳ ಮೈಮೇಲಿರುವ ಗಂಧಕ–ಜಲಜನಕದ ಗುಂಪುಗಳನ್ನು ಅದು ಹಿಡಿದುಕೊಳ್ಳುತ್ತದೆ. ಕಿಣ್ವ ಕೆಲಸ ನಿಲ್ಲಿಸುತ್ತದೆ. ಇಷ್ಟು ಹಿಂದೆಯೇ ತಿಳಿದಿತ್ತು. ಹಾಗಾದರೆ ಗಂಧಕವುಳ್ಳ ಬೇರೊಂದು ವಸ್ತುವನ್ನು ಹೊರಗಿನಿಂದ ಕೊಟ್ಟರೆ ವಿಷ ಅದನ್ನು ಹಿಡಿದು ಕಿಣ್ವವನ್ನು ಬಿಡಬಾರದೇಕೆ? ಪ್ರಯತ್ನ ಮಾಡಿದರು, ಫಲಿಸಲಿಲ್ಲ. ಪೀಟರ್ಸ್ ಅವರ ಬಳಗದ ಲಾಯ್ಡ್ ಸ್ಟಾಕೆನ್ ಮತ್ತು ರಾಬರ್ಟ್ ಥಾಂಪ್ಸನ್ ಎಂಬ ಇಬ್ಬರು ಕೂದಲಿನ ಪ್ರೋಟೀನಾದ ಕೆರಾಟಿನ್ನಿನಿಂದ ತಯಾರಿಸಿದ ವಸ್ತುವಿನ ಮೇಲೆ ವಿಷವನ್ನು ಹಾಯಿಸಿ ನೋಡಿದರು. ಒಂದೊಂದು ಆರ್ಸೆನಿಕ್ ಪರಮಾಣುವೂ ಬಹುಮಟ್ಟಿಗೆ ಎರಡು ಗಂಧಕದ ಗುಂಪುಗಳನ್ನು ಹಿಡಿದಿತ್ತು. ಗುಟ್ಟು ಬಯಲಾಯಿತು. ಒಂದು ಕೈಯಿಂದ ಹಿಡಿದದ್ದನ್ನು ಬಿಡಿಸಬಹುದು. ಎರಡು ಕೈಗಳಿಂದ ತಬ್ಬಿದ್ದನ್ನು ಬಿಡಿಸಬೇಕಾದರೆ ಬಿಡಿಸುವವನಿಗೂ ಪಕ್ಕಪಕ್ಕದಲ್ಲೇ ಎರಡು ಕೈಗಳಿರಬೇಕು. ಅಂಥ ಒಂದು ಸಣ್ಣ ಅಣುವನ್ನು ಸ್ಟಾಕೆನ್ 1940ರಲ್ಲಿ ತಯಾರಿಸಿದರು. ಗ್ಲಿಸರಿನ್ನಿನ ಹತ್ತಿರದ ಬಂಧು ಅದು, ಎರಡು ಕಡೆ ಗಂಧಕ. ಮೂಗು ಮುಚ್ಚಿಕೊಳ್ಳುವಂಥ ದುರ್ವಾಸನೆ. ವಿಷ ತಾಗಿದ ಚರ್ಮಕ್ಕೆ ಸವರಿದರೆ ಬೊಬ್ಬೆ ಏಳಲಿಲ್ಲ; ಕಿಣ್ವದ ಮೇಲೆ ಕುಳಿತ ವಿಷವನ್ನು ಕೂಡ ಅದು ಎಬ್ಬಿಸಿ ಕರೆದೊಯ್ಯುತ್ತಿತ್ತು.

ಯುದ್ಧಕಾಲವಾದ್ದರಿಂದ ಎಲ್ಲವೂ ಗುಪ್ತವಾಗಿತ್ತು. ಅಮೆರಿಕದವರು ಅದನ್ನು 'ಬ್ರಿಟಿಷ್ ಆಂಟಿ-ಲೂಯಿಸೈಟ್' ಎಂದು ಕರೆದರು. ಮೂರಕ್ಷರಕ್ಕೆ ಇಳಿಸಿ 'ಬಾಲ್' ಎಂಬ ಹೆಸರು ನಿಂತಿತು. 'ನೇಚರ್' ಪತ್ರಿಕೆಯಲ್ಲಿ ಪೀಟರ್ಸ್, ಸ್ಟಾಕೆನ್, ಥಾಂಪ್ಸನ್ ಮೂವರ ಲೇಖನ ಪ್ರಕಟವಾದದ್ದು ಯುದ್ಧ ಮುಗಿದ ಮೇಲೆ, 1945ರಲ್ಲಿ. ಯಾವ ವಿಷಕ್ಕೆಂದು ಮದ್ದು ತಯಾರಾಯಿತೋ ಆ ವಿಷ ಬ್ರಿಟಿಷ್ ಸೈನಿಕರ ಮೇಲೆ ಬೀಳಲೇ ಇಲ್ಲ. ಆದರೆ ಮದ್ದಿಗೆ ರೋಗಿಗಳ ಕೊರತೆ ಇರಲಿಲ್ಲ. ಪೆನಿಸಿಲಿನ್ ಬರುವ ಮುಂಚೆ ಸಿಫಿಲಿಸ್ ರೋಗಕ್ಕೆ ಕೊಡುತ್ತಿದ್ದದ್ದು ಆರ್ಸೆನಿಕ್ಕಿನ ಸಂಯುಕ್ತಗಳನ್ನೇ. ಅದರಿಂದ ಮೈಯ ಚರ್ಮವೆಲ್ಲ ಸುಲಿದು, ಮಿದುಳು ಬಾತು ಸಾಯುವ ಸ್ಥಿತಿಗೆ ಬಂದವರನ್ನು ಈ ಮದ್ದು ಉಳಿಸಿತು. ಪಾದರಸದ ಕ್ಲೋರೈಡ್ ನುಂಗಿದವರಿಗೂ, ಬೇಗ ಕೊಟ್ಟರೆ, ಜೀವದಾನವಾಯಿತು. ಅದನ್ನು ಕಡಲೆಕಾಯಿ ಎಣ್ಣೆಯಲ್ಲಿ ಬೆರೆಸಿ ಮಾಂಸಖಂಡದ ಆಳಕ್ಕೆ ಚುಚ್ಚಬೇಕು. ಆ ಚುಚ್ಚುಮದ್ದಿನ ನೋವು ಸಾಮಾನ್ಯವಲ್ಲ. ವಾಂತಿ, ಕಣ್ಣುರಿ, ರಕ್ತದೊತ್ತಡದ ಏರಿಕೆ ಬೇರೆ. ಮೀನಿನ ಮೂಲಕ ಮೈಸೇರುವ ಮೀಥೈಲ್ ಪಾದರಸಕ್ಕೆ ಮಾತ್ರ ಇದನ್ನು ಕೊಡಬಾರದು. ಜಪಾನಿನ ಮಿನಮಾಟಾ ಕೊಲ್ಲಿಯ ಬೆಸ್ತರಲ್ಲಿ 1956ರಲ್ಲಿ ಬೆಳಕಿಗೆ ಬಂದ ವ್ಯಾಧಿ ಈ ಪಾದರಸದಿಂದ ಆದದ್ದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಬಾಲ್ ಇದನ್ನು ಹೊರಹಾಕುವ ಬದಲು ಮಿದುಳಿನ ಕಡೆಗೇ ಒಯ್ದಿತು.

ಇಂಥ ಔಷಧಗಳ ವರ್ಗಕ್ಕೆ ಚೆಲೇಷನ್ ಔಷಧಗಳೆಂದು ಹೆಸರು. ಗ್ರೀಕ್ ಮಾತಿನಲ್ಲಿ 'ಖೇಲೆ' ಎಂದರೆ ಏಡಿಯ ಕೊಂಡಿ. ಲೋಹದ ಪರಮಾಣುವನ್ನು ಎರಡು ಕಡೆಯಿಂದ ಇಕ್ಕಳದಂತೆ ಹಿಡಿದು ಮೂತ್ರದ ಮಾರ್ಗವಾಗಿ ಹೊರಗೆ ಒಯ್ಯುವುದು ಅವುಗಳ ಕಾರ್ಯ. ಒಂದು ಏಡಿ ಸಿಕ್ಕಿದ ಮೇಲೆ ಬೇರೆ ಏಡಿಗಳು ಬೇಗಬೇಗನೆ ಸಿಕ್ಕವು. ಕಿನ್ನಿಯರ್ ವಿಲ್ಸನ್ 1912ರಲ್ಲಿ ವರ್ಣಿಸಿದ್ದ ಒಂದು ಆನುವಂಶಿಕ ರೋಗವುಂಟು. ಅದರಲ್ಲಿ ಹೊರಗಿನಿಂದ ವಿಷ ಬರುವುದಿಲ್ಲ. ದಿನದ ಅನ್ನದಲ್ಲಿರುವ ತಾಮ್ರವನ್ನೇ ಶರೀರ ಹೊರಹಾಕಲಾರದೆ ಯಕೃತ್ತಿನಲ್ಲೂ ಮಿದುಳಿನಲ್ಲೂ ಕೂಡಿಡುತ್ತದೆ. ಎಳೆಯ ವಯಸ್ಸಿನವರು ಮಾತು ತೊದಲಿ, ಕೈ ನಡುಗಿ, ಹಾಸಿಗೆ ಹಿಡಿದು ಸಾಯುತ್ತಿದ್ದರು. 1951ರಲ್ಲಿ ಈ ರೋಗಿಗಳಿಗೆ ಬಾಲ್ ಕೊಟ್ಟರು, ನಡೆಯಲಾರದವರು ನಡೆದರು. ಐದು ವರ್ಷಗಳ ಮೇಲೆ ಜಾನ್ ವಾಲ್ಷ್ ಎಂಬ ಇಂಗ್ಲಿಷ್ ವೈದ್ಯರು ಬಾಸ್ಟನ್ನಿನಲ್ಲಿದ್ದಾಗ, ತಾವು ಹಿಂದೆ ಪೆನಿಸಿಲಿನ್ ಪಡೆಯುತ್ತಿದ್ದ ರೋಗಿಗಳ ಮೂತ್ರದಲ್ಲಿ ಕಂಡಿದ್ದ ಪೆನಿಸಿಲಮಿನ್ ಎಂಬ ವಸ್ತುವಿಗೂ ತಾಮ್ರವನ್ನು ಹಿಡಿಯುವ ರಚನೆ ಇದೆಯೆಂದು ಹೊಳೆದು, ಅದನ್ನು ಬಾಯಿಂದ ನುಂಗುವ ಮಾತ್ರೆಯಾಗಿ ತಂದರು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮೂರು ದಶಕಗಳ ಅವಧಿಯಲ್ಲಿ ಪರೀಕ್ಷಿಸಿದ ಇಂಥ 282 ರೋಗಿಗಳ ವೃತ್ತಾಂತ 2007ರಲ್ಲಿ ಪ್ರಕಟವಾಗಿದೆ. ಲೋಹವನ್ನು ಹೊರಗೆಳೆಯುವ ಚಿಕಿತ್ಸೆ ನಿಜವಾಗಿ ಗೆದ್ದ ಕ್ಷೇತ್ರ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ. ಬೇಗ ಗುರುತಿಸಿ ಜೀವಮಾನವಿಡೀ ಔಷಧ ನಡೆಸಿದರೆ ಬದುಕು ನಡೆಯುತ್ತದೆ.

ಸೀಸಕ್ಕೆ ಒದಗಿದ ಏಡಿ ಬಟ್ಟೆಯ ಕೈಗಾರಿಕೆಯಿಂದ ಬಂದದ್ದು. ಬಣ್ಣ ಹಾಕುವ ನೀರಿನ ಗಡಸುತನ ತೆಗೆಯಲೆಂದು ಜರ್ಮನಿಯಲ್ಲಿ 1930ರ ದಶಕದಲ್ಲಿ ತಯಾರಿಸಿದ ಇ.ಡಿ.ಟಿ.ಎ. ಎಂಬ ವಸ್ತುವನ್ನು 1950ರ ದಶಕದ ಆರಂಭದಲ್ಲಿ ಸೀಸದ ರೋಗಿಗಳಿಗೆ ಕೊಡತೊಡಗಿದರು. ಅದನ್ನು ಸುಣ್ಣದ ಅಂಶದೊಡನೆ ಕೂಡಿಸಿಯೇ ಕೊಡಬೇಕು. ಇಲ್ಲವಾದರೆ ಅದು ರಕ್ತದ ಸುಣ್ಣವನ್ನೇ ಹಿಡಿದುಕೊಂಡು ಹೋಗುತ್ತದೆ, ಹೃದಯ ನಿಲ್ಲುತ್ತದೆ. ಬಾಲ್ ಮತ್ತು ಇ.ಡಿ.ಟಿ.ಎ. ಎರಡನ್ನೂ ಜೊತೆಯಾಗಿ ಕೊಡುವ ಪದ್ಧತಿಯನ್ನು ಬಾಲ್ಟಿಮೋರಿನ ಜೂಲಿಯನ್ ಚಿಸಮ್ ಎಂಬ ಮಕ್ಕಳ ವೈದ್ಯರು 1960ರ ದಶಕದಲ್ಲಿ ರೂಢಿಗೆ ತಂದರು. ಸೀಸ ಮಿದುಳಿಗೇರಿ ಸೆಳವು ಬಂದ ಮಕ್ಕಳ ಸಾವು ಗಣನೀಯವಾಗಿ ಇಳಿಯಿತು.

ಮಕ್ಕಳ ಮೈಗೆ ಸೀಸ ಬಂದದ್ದು ಎಲ್ಲಿಂದ? ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು 1904ರಲ್ಲೇ ಇದಕ್ಕೆ ಉತ್ತರ ಕೊಟ್ಟಿದ್ದರು: ಮನೆಯ ಜಗಲಿಯ ಕಟಕಟೆಗೆ ಬಳಿದ ಬಿಳಿ ಬಣ್ಣದಿಂದ. ಬಿಸಿಲಿಗೆ ಆ ಬಣ್ಣ ಪುಡಿಯಾಗುತ್ತದೆ. ಮಕ್ಕಳು ಕಟಕಟೆ ಹಿಡಿದು ಆಡಿ, ಆ ಬೆರಳನ್ನೇ ಬಾಯಲ್ಲಿಡುತ್ತಾರೆ. ಅಮೆರಿಕದವರು ಇದನ್ನು ಕಿವಿಗೆ ಹಾಕಿಕೊಳ್ಳಲು ಬಹಳ ಕಾಲ ಬೇಕಾಯಿತು. ಅಲ್ಲಿ 1923ರಿಂದ ಪೆಟ್ರೋಲಿಗೂ ಸೀಸ ಬೆರೆಸಿ ಮಾರತೊಡಗಿದ್ದರು.

ಈ ನಡುವೆ ಬಾಸ್ಟನ್ನಿನ ಇಬ್ಬರು, ರ್‍ಯಾಂಡಾಲ್ಫ್ ಬೈಯರ್ಸ್ ಮತ್ತು ಎಲಿಜಬೆತ್ ಲಾರ್ಡ್, 1943ರಲ್ಲಿ ಪ್ರಕಟಿಸಿದ ಒಂದು ಲೇಖನವನ್ನು ನಾನು ಈ ಇತಿಹಾಸದ ತಿರುವು ಎಂದು ಎಣಿಸುತ್ತೇನೆ. ಸೀಸದ ವಿಷದಿಂದ ಆಸ್ಪತ್ರೆ ಸೇರಿ, 'ಗುಣವಾಯಿತು' ಎಂದು ಬರೆಸಿಕೊಂಡು ಮನೆಗೆ ಹೋಗಿದ್ದ ಇಪ್ಪತ್ತು ಮಕ್ಕಳನ್ನು ಅವರು ಕೆಲವು ವರ್ಷಗಳ ಮೇಲೆ ಹುಡುಕಿಕೊಂಡು ಹೋದರು. ಶೂಲೆಯಿರಲಿಲ್ಲ, ಸೆಳವಿರಲಿಲ್ಲ. ಆದರೆ ಇಪ್ಪತ್ತರಲ್ಲಿ ಹತ್ತೊಂಬತ್ತು ಮಕ್ಕಳು ಶಾಲೆಯಲ್ಲಿ ಸೋತಿದ್ದರು. ಕೆಲವರು ಒಂದೆಡೆ ಕುಳಿತುಕೊಳ್ಳಲಾರರು. ಕೆಲವರಿಗೆ ಚಿತ್ರವನ್ನು ನೋಡಿ ಬರೆಯಲೂ ಬಾರದು. ಆಸ್ಪತ್ರೆಯ ಪುಸ್ತಕದಲ್ಲಿ ರೋಗ ಮುಗಿದಿತ್ತು. ಮಗುವಿನ ಮಿದುಳಿನಲ್ಲಿ ಮುಗಿದಿರಲಿಲ್ಲ.

ಅಲ್ಲಿಂದ ಮುಂದೆ 'ಇಷ್ಟು ಸೀಸವಿದ್ದರೆ ಅಪಾಯವಿಲ್ಲ' ಎಂಬ ಗೆರೆ ಇಳಿಯುತ್ತಲೇ ಬಂದಿದೆ. ಒಂದು ಡೆಸಿಲೀಟರ್ ರಕ್ತದಲ್ಲಿ 60 ಮೈಕ್ರೊಗ್ರಾಮಿನವರೆಗೂ ಚಿಂತೆಯಿಲ್ಲ ಎಂದು 1960ರ ದಶಕದಲ್ಲಿ ಅಮೆರಿಕದ ವೈದ್ಯರು ತಿಳಿದಿದ್ದರು. 1970ರಲ್ಲಿ ಅದು 40 ಆಯಿತು, 1975ರಲ್ಲಿ 30, 1985ರಲ್ಲಿ 25, 1991ರಲ್ಲಿ 10. ಹರ್ಬರ್ಟ್ ನೀಡಲ್‌ಮನ್ ಎಂಬ ಮಕ್ಕಳ ವೈದ್ಯರು ಶಾಲೆಯ ಮಕ್ಕಳಿಂದ ಬಿದ್ದ ಹಾಲುಹಲ್ಲುಗಳನ್ನು ಕೇಳಿ ಪಡೆದು, ಹಲ್ಲಿನ ಸೀಸಕ್ಕೂ ಮಗುವಿನ ಬುದ್ಧಿಗೂ ಇರುವ ಸಂಬಂಧವನ್ನು 1979ರಲ್ಲಿ ತೋರಿಸಿದ್ದು ಈ ಇಳಿಕೆಗೆ ಬಹಳಮಟ್ಟಿಗೆ ಕಾರಣ. ಆ ಗೆರೆ 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಯಿತು. ಇಷ್ಟಾದರೆ ಅಪಾಯವಿಲ್ಲವೆಂದು ಹೇಳಬಲ್ಲ ಯಾವ ಪ್ರಮಾಣವೂ ಇಲ್ಲವೆಂಬುದು ಇಂದಿನ ವೈದ್ಯರ ಮತ.

ಗೆರೆ ಇಳಿದ ಹಾಗೆ, ಗೆರೆಯ ಮೇಲಿರುವ ಮಕ್ಕಳ ಸಂಖ್ಯೆ ಲಕ್ಷಗಟ್ಟಲೆ ಬೆಳೆಯಿತು. ಅವರಿಗೆಲ್ಲ ಮದ್ದು ಕೊಟ್ಟುಬಿಟ್ಟರಾಯಿತಲ್ಲ? ಅದಕ್ಕೆ ತಕ್ಕ ಮದ್ದೂ ಆ ಹೊತ್ತಿಗೆ ಸಿದ್ಧವಾಗಿತ್ತು. ಚೀನೀ ವಿಜ್ಞಾನಿಗಳು 1950ರ ದಶಕದಿಂದ ಉಪಯೋಗಿಸುತ್ತಿದ್ದ ಸಕ್ಸಿಮರ್ ಎಂಬುದು ಬಾಲ್‌ನ ಸೋದರ ಸಂಬಂಧಿ. ಆದರೆ ನೀರಿನಲ್ಲಿ ಕರಗುತ್ತದೆ, ಚುಚ್ಚಬೇಕಾಗಿಲ್ಲ, ನುಂಗಿದರೆ ಸಾಕು. ಗಂಧಕದ ವಾಸನೆಯೊಂದು ಬಿಟ್ಟರೆ ತೊಂದರೆ ಕಡಮೆ. ರಕ್ತದಲ್ಲಿ 45ಕ್ಕಿಂತ ಹೆಚ್ಚು ಸೀಸವಿರುವ ಮಕ್ಕಳಿಗೆ ಇದನ್ನು ಕೊಡಲು ಅಮೆರಿಕ ಸರ್ಕಾರ 1991ರಲ್ಲಿ ಅನುಮತಿ ನೀಡಿತು. ಅದಕ್ಕಿಂತ ಕಡಮೆ ಇರುವವರಿಗೆ? ಇದನ್ನು ಊಹೆಗೆ ಬಿಡದೆ ಪರೀಕ್ಷಿಸಿ ನೋಡಿದ್ದು ಅಲ್ಲಿಯವರ ಹಿರಿಮೆ. ನಾಲ್ಕು ನಗರಗಳ 780 ಎಳೆಯ ಮಕ್ಕಳನ್ನು ಆರಿಸಿದರು. ಎಲ್ಲರ ರಕ್ತದಲ್ಲೂ 20ರಿಂದ 44ರವರೆಗೆ ಸೀಸ. ಬಹುಪಾಲು ಬಡವರ, ಕರಿಯರ ಮಕ್ಕಳು. ಹಳೆಯ ಬಣ್ಣ ಉದುರುವ ಮನೆಗಳಲ್ಲಿ ಉಳಿದವರು ಅವರೇ. ಅರ್ಧ ಮಕ್ಕಳಿಗೆ ಸಕ್ಸಿಮರ್, ಉಳಿದರ್ಧಕ್ಕೆ ಮದ್ದಿನಂತೆಯೇ ಕಾಣುವ ಹುಸಿ ಗುಳಿಗೆ. ಮದ್ದು ಪಡೆದವರ ರಕ್ತದ ಸೀಸ ಬೇಗನೆ ಇಳಿಯಿತು. ಮೂರು ವರ್ಷಗಳ ತರುವಾಯ ಬುದ್ಧಿಶಕ್ತಿಯನ್ನು ಅಳೆದಾಗ ಎರಡು ಗುಂಪುಗಳಿಗೂ ವ್ಯತ್ಯಾಸವಿರಲಿಲ್ಲ. 2001ರಲ್ಲಿ ಈ ಫಲಿತಾಂಶ ಪ್ರಕಟವಾಯಿತು. ಏಳನೆಯ ವಯಸ್ಸಿನಲ್ಲಿ ಮತ್ತೆ ಅಳೆದರು, ಆಗಲೂ ಇರಲಿಲ್ಲ.

ಏಕೆ ಹೀಗಾಯಿತೆಂದು ಯೋಚಿಸಿದರೆ ಅಷ್ಟೇನೂ ಆಶ್ಚರ್ಯವಿಲ್ಲ. ಏಡಿ ಹಿಡಿಯುವುದು ರಕ್ತದಲ್ಲಿ ತೇಲುವ ಸೀಸವನ್ನು. ಮೂಳೆಯ ಉಗ್ರಾಣ ಹಾಗೆಯೇ ಇರುತ್ತದೆ. ಚಿಕಿತ್ಸೆ ನಿಂತ ಕೆಲವೇ ವಾರಗಳಲ್ಲಿ ರಕ್ತದ ಮಟ್ಟ ಮತ್ತೆ ಏರುತ್ತದೆ. ಮಿದುಳಿನಲ್ಲಿ, ಎರಡು ವರ್ಷದ ಮಗು ನರತಂತುಗಳನ್ನು ಹೆಣೆಯುತ್ತಿರುವ ಆ ಹೊತ್ತಿನಲ್ಲಿ, ತಪ್ಪಿ ಬಿದ್ದ ಹೆಣಿಗೆಯನ್ನು ಯಾವ ಏಡಿಯೂ ಬಿಚ್ಚಿ ಸರಿಯಾಗಿ ಹೆಣೆಯಲಾರದು.

ಆರ್ಸೆನಿಕ್ಕಿನ ವಿಷಯದಲ್ಲೂ ಇಂಥದೇ ಅನುಭವ ನಮ್ಮ ದೇಶದಲ್ಲಿ ಆಗಿದೆ. ಪಶ್ಚಿಮ ಬಂಗಾಳದ ಕೊಳವೆಬಾವಿಗಳ ನೀರಿನಲ್ಲಿ ಬರುವ ಆರ್ಸೆನಿಕ್ಕಿನಿಂದ ಅಂಗೈ ಅಂಗಾಲುಗಳು ಗಡುಸಾಗಿ, ಮೈಮೇಲೆ ಮಳೆಹನಿಯಂಥ ಕಲೆಗಳೆದ್ದವರಿಗೆ ಕೋಲ್ಕತ್ತದ ವೈದ್ಯ ಗುಹ ಮಜುಂದಾರ್ ಮತ್ತು ಸಂಗಡಿಗರು ಇದೇ ಸಕ್ಸಿಮರನ್ನು ಕೊಟ್ಟು, ಹುಸಿ ಗುಳಿಗೆಯೊಡನೆ ಹೋಲಿಸಿ ನೋಡಿದರು. ಅದು ಹುಸಿ ಗುಳಿಗೆಗಿಂತ ಮೇಲಾಗಿರಲಿಲ್ಲವೆಂದು 1998ರಲ್ಲಿ ಬರೆದರು. ಅದರ ಇನ್ನೊಂದು ಬಂಧುವಾದ ಡಿ.ಎಂ.ಪಿ.ಎಸ್. ಎಂಬುದರಿಂದ ಸ್ವಲ್ಪ ಅನುಕೂಲ ಕಂಡಿತೆಂಬುದನ್ನೂ ಹೇಳಬೇಕು. ಆದರೆ ಆರ್ಸೆನಿಕ್ಕನ್ನೇ ಹಿಡಿಯಲು ಹುಟ್ಟಿದ ವಂಶದ ಮದ್ದು ವರ್ಷಗಟ್ಟಲೆ ವಿಷದ ನೀರು ಕುಡಿದವನ ಮುಂದೆ ಹೀಗೆ ನಿಸ್ಸಹಾಯವಾದದ್ದು ವಿಪರ್ಯಾಸವಲ್ಲವೆ?

ಇಷ್ಟು ತಿಳಿದ ಮೇಲೂ, ಮೈಯನ್ನು 'ಶುದ್ಧಿ' ಮಾಡುತ್ತೇವೆಂದು ಈ ಔಷಧಗಳನ್ನು ಸಿಕ್ಕಸಿಕ್ಕ ರೋಗಗಳಿಗೆಲ್ಲ ಕೊಡುವವರಿದ್ದಾರೆ. ಅಮೆರಿಕದಲ್ಲಿ 2003ರಿಂದ 2005ರ ಒಳಗೆ ಹೀಗೆ ಮೂವರು ಸತ್ತರು. ಅವರಲ್ಲಿ ಇಬ್ಬರು ಮಕ್ಕಳು. ಸುಣ್ಣ ಕೂಡಿಸದ ಇ.ಡಿ.ಟಿ.ಎ. ಅವರ ರಕ್ತದ ಸುಣ್ಣವನ್ನು ಕಸಿದಿತ್ತು. ಇದರ ಬಗ್ಗೆ ಹೆಚ್ಚು ಹೇಳಲು ನನಗೆ ಮನಸ್ಸಿಲ್ಲ.

ನಮ್ಮ ಊರಿನ ಮಾತಿಗೆ ಬರೋಣ. ಸೀಸದ ವಿಷವನ್ನು ಕುರಿತ ಒಂದು ಅಂತರರಾಷ್ಟ್ರೀಯ ಸಮ್ಮೇಳನ 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ನಡೆಯಿತು. ಬೆಂಗಳೂರೂ ಸೇರಿದಂತೆ ದೇಶದ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ಮಾಡಿಸಿದ ಜಾರ್ಜ್ ಪ್ರತಿಷ್ಠಾನದವರು ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ರಕ್ತದಲ್ಲಿ 10 ಮೈಕ್ರೊಗ್ರಾಮಿಗಿಂತ ಹೆಚ್ಚು ಸೀಸವಿದೆಯೆಂದು ವರದಿ ಮಾಡಿದರು. ಮರುವರ್ಷ, 2000ದಲ್ಲಿ, ದೇಶದಾದ್ಯಂತ ಸೀಸ ಬೆರೆತ ಪೆಟ್ರೋಲಿನ ಮಾರಾಟ ನಿಂತಿತು. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷ ಭಾಗಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸವಿರಕೂಡದೆಂಬ ನಿಯಮವನ್ನು 2016ರಲ್ಲಿ ಮಾಡಿದರು. ಅಚ್ಚುಮೊಳೆಯ ಕಾಲ ತಾನಾಗಿಯೇ ಮುಗಿಯಿತು. ಉಳಿದಿರುವುದು ಹಳೆಯ ಬ್ಯಾಟರಿಗಳನ್ನು ಒಡೆದು ಬಯಲಿನಲ್ಲೇ ಸೀಸ ಕರಗಿಸುವ ಗುಜರಿಯ ಕೆಲಸ. ತವರದ ಬದಲು ಸೀಸ ಬೆರೆಸಿದ ಕಲಾಯಿ. ಬಣ್ಣ ಏರಲೆಂದು ಅರಿಶಿನಕ್ಕೆ ಸೀಸದ ಹಳದಿ ಬೆರೆಸುವ ಮೋಸ.

ಕೊನೆಗೆ ಆಫ್ರಿಕದ ಒಂದು ಸಂಗತಿ. ನೈಜೀರಿಯದ ಉತ್ತರಕ್ಕೆ ಜಾಮ್ಫಾರಾ ಎಂಬ ಪ್ರಾಂತವಿದೆ. ಅಲ್ಲಿಯ ಹಳ್ಳಿಗರು ಚಿನ್ನದ ಅದಿರನ್ನು ಅಗೆದು ಮನೆಗೆ ತಂದು ಅಂಗಳದಲ್ಲಿ ಒಡೆಯುತ್ತಿದ್ದರು; ಹಿಟ್ಟಿನ ಗಿರಣಿಯಲ್ಲೇ ಪುಡಿಮಾಡುತ್ತಿದ್ದರು. ಆ ಅದಿರಿನಲ್ಲಿ ಚಿನ್ನ ಎಳ್ಳಷ್ಟು, ಸೀಸ ಹೇರಳ. 2010ರಲ್ಲಿ ಮಕ್ಕಳು ಸೆಳವಿನಿಂದ ಸಾಯತೊಡಗಿದರು. ಮೊದಲು ಮಲೇರಿಯ ಎಂದುಕೊಂಡರು. ಎರಡು ಹಳ್ಳಿಗಳಲ್ಲಿ ಮನೆಮನೆಯ ಲೆಕ್ಕ ತೆಗೆದಾಗ, ಐದು ವರ್ಷದೊಳಗಿನ ಮಕ್ಕಳಲ್ಲಿ ನಾಲ್ಕನೆಯ ಒಂದು ಪಾಲು ಒಂದೇ ವರ್ಷದಲ್ಲಿ ಸತ್ತಿದ್ದರು. ಬದುಕಿದ್ದು ರಕ್ತಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ನೂರಕ್ಕೆ 97 ಮಂದಿಯ ರಕ್ತದಲ್ಲಿ 45 ಅಥವಾ ಅದಕ್ಕೂ ಹೆಚ್ಚು ಸೀಸ. ಇಡೀ ಪ್ರಾಂತದಲ್ಲಿ ಸತ್ತ ಮಕ್ಕಳು ನಾನೂರಕ್ಕೂ ಹೆಚ್ಚು.

'ಗಡಿಗಳಿಲ್ಲದ ವೈದ್ಯರು' ಎಂಬರ್ಥದ ಫ್ರೆಂಚ್ ಹೆಸರಿನ ಸಂಸ್ಥೆಯವರು ಸಕ್ಸಿಮರನ್ನು ತಂದು ಚಿಕಿತ್ಸೆ ಆರಂಭಿಸಿದರು. ಮೊದಲ ವರ್ಷದಲ್ಲೇ ಸಾವಿರಕ್ಕೂ ಹೆಚ್ಚು ಮಕ್ಕಳಿಗೆ 3,180 ಸರದಿ ಔಷಧ ಕೊಟ್ಟರು. ಇಲ್ಲಿ ಮದ್ದು ಜೀವ ಉಳಿಸಿತು, ಅದರಲ್ಲಿ ಸಂದೇಹವಿಲ್ಲ. ಬಾಲ್ಟಿಮೋರಿನ ಮಗುವಿನ 30 ಮೈಕ್ರೊಗ್ರಾಮಿಗೂ ಇಲ್ಲಿಯ ನೂರಾರು ಮೈಕ್ರೊಗ್ರಾಮಿಗೂ ಅಜಗಜಾಂತರ. ಆದರೆ ಆ ವೈದ್ಯರು ಒಂದು ಷರತ್ತು ಹಾಕಿದ್ದರು. ಮೊದಲು ಹಳ್ಳಿಯ ಅಂಗಳಗಳ ಮೇಲ್ಮಣ್ಣನ್ನು ಹೆರೆದು ತೆಗೆದು ಹೂಳಬೇಕು, ಹೊಸ ಮಣ್ಣು ಹಾಕಬೇಕು. ಆಮೇಲೆ ಆ ಹಳ್ಳಿಯ ಮಕ್ಕಳಿಗೆ ಮದ್ದು. ಇಲ್ಲವಾದರೆ ಮಗು ಆಸ್ಪತ್ರೆಯಿಂದ ಅದೇ ಧೂಳಿಗೆ ಮರಳುತ್ತದೆ, ಚಿಕಿತ್ಸೆ ವ್ಯರ್ಥವಾಗುತ್ತದೆ ಎಂಬುದು ಅವರ ವಾದ. ಜಾರ್ಜ್ ಬೇಕರ್ ಇದ್ದಿದ್ದರೆ ತಲೆದೂಗುತ್ತಿದ್ದ.

ಒಂದೊಂದಾಗಿ ಏಳು ಹಳ್ಳಿಗಳನ್ನು ಹೀಗೆ ಶುದ್ಧಿ ಮಾಡಿದರು. ಎಲ್ಲಕ್ಕಿಂತ ದೊಡ್ಡದಾದ ಬಗೇಗ ಎಂಬ ಊರು ಉಳಿಯಿತು. ಅದಕ್ಕೆ ಬೇಕಾದ ಹಣವನ್ನು ನೈಜೀರಿಯ ಸರ್ಕಾರ ಬಿಡುಗಡೆ ಮಾಡಲು 2013ರ ಜನವರಿಯವರೆಗೆ ಕಾಯಬೇಕಾಯಿತು. ಅದುವರೆಗೆ, ಎರಡೂವರೆ ವರ್ಷಕ್ಕೂ ಮೇಲೆ, ಔಷಧ ಕೈಯಳತೆಯ ದೂರದ ಆಸ್ಪತ್ರೆಯಲ್ಲಿತ್ತು. ಬಗೇಗದ ಮಕ್ಕಳು ಆ ಮಣ್ಣಿನಲ್ಲಿ ಆಡುತ್ತಿದ್ದರು. ಮಣ್ಣು ತೆಗೆಯುವ ಕೆಲಸ ಜುಲೈ ಹೊತ್ತಿಗೆ ಮುಗಿಯಿತು. ಅಂಗಳಗಳು ಶುದ್ಧವಾದ ಮೇಲೆ ಅವರ ಚಿಕಿತ್ಸೆಯ ಸರದಿಯೂ ಬಂತು.